ಪಾರ್ಟ್‌ಟೈಮ್ ಕೆಲಸ ಬಿಡುವ ಮುನ್ನ ಕೂತು ಬರೆಯಬೇಕಾದ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ದೀಪಾವಳಿಯ ಗಿರಾಕಿಗಳ ಗದ್ದಲ ಇಳಿದ ಕೂಡಲೇ ಮುಂಬಯಿಯ ಕನ್ನಡಿಗರ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಬೆಳಿಗ್ಗೆ ಜೂನಿಯರ್ ಕಾಲೇಜು (ಹನ್ನೊಂದು, ಹನ್ನೆರಡನೆಯ ತರಗತಿ) ಮುಗಿಸಿ ಮಧ್ಯಾಹ್ನದ ಮೇಲೆ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ದಾದರಿನ ಬಟ್ಟೆ ಅಂಗಡಿಯಲ್ಲೋ ನಿಲ್ಲುವ ಹುಡುಗ ಇಲ್ಲವೇ ಹುಡುಗಿ "ಕೆಲಸ ಬಿಟ್ಟುಬಿಡಲಾ?" ಎಂದು ಕೇಳುತ್ತಾರೆ. "ಸೇಠ್ರು ನಮ್ಮ ಊರಿನ ಕಡೆಯವರು, ಏನಂದುಕೊಂಡಾರು" ಎಂದು ಅಪ್ಪ. "ಪರೀಕ್ಷೆ ಹತ್ತಿರ ಬಂತು, ನಾಳೆಯಿಂದಲೇ ಹೋಗಬೇಡ" ಎಂದು ಅಮ್ಮ. ಇಬ್ಬರ ಮಾತೂ ಕಾಳಜಿಯದೇ, ಆದರೆ ಮಗು ಕೇಳಿದ ಪ್ರಶ್ನೆಗೆ ಉತ್ತರ ಎರಡರಲ್ಲೂ ಇಲ್ಲ.

ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು ಮತ್ತು ಅಂಗಡಿ, ಹೋಟೆಲುಗಳ ಪಗಾರದ ಪುಸ್ತಕ ಬರೆಯುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕೆಲಸ ಬಿಡಬೇಕೋ ಬೇಡವೋ ಎಂಬುದರಲ್ಲಿ ಮುಕ್ಕಾಲು ಪಾಲು ಗಂಟೆಯ ಲೆಕ್ಕ, ರೂಪಾಯಿಯ ಲೆಕ್ಕ ಮತ್ತು ಕಾಯಿದೆಯ ಮಾತು. ಇವನ್ನು ಕಾಗದದ ಮೇಲೆ ಇಳಿಸದೆ, ಸೇಠ್ರು ಬೈದ ದಿನ ಸಿಟ್ಟಿನಲ್ಲಿ ಬಿಡುವುದೂ ತಪ್ಪು, ದಾಕ್ಷಿಣ್ಯಕ್ಕೆ ಫೆಬ್ರವರಿಯ ತನಕ ಎಳೆಯುವುದೂ ತಪ್ಪು.

ಮೊದಲು ಗಂಟೆ. ವಾರಕ್ಕೆ 168 ಗಂಟೆ. ಡೊಂಬಿವಲಿಯಲ್ಲಿ ಮನೆ, ಮುಲುಂಡಿನಲ್ಲಿ ಕಾಲೇಜು, ದಾದರಿನಲ್ಲಿ ಕೆಲಸ ಇರುವ ಹನ್ನೆರಡನೆಯ ತರಗತಿಯ ವಿದ್ಯಾರ್ಥಿಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆ ನಿದ್ದೆ ಎಂದರೆ ವಾರಕ್ಕೆ 56. ಕಾಲೇಜು ದಿನಕ್ಕೆ 5 ಗಂಟೆಯಂತೆ ಆರು ದಿನಕ್ಕೆ 30. ಕೆಲಸವೂ ಅಷ್ಟೇ, 30. ನಡೆಯುವುದು, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ಗಾಡಿಯಲ್ಲಿ ನಿಲ್ಲುವುದು ಸೇರಿ ದಿನಕ್ಕೆ 3 ಗಂಟೆಯಂತೆ 18. ಸ್ನಾನ, ಊಟ, ನೀರು ತುಂಬುವುದು, ಮನೆಗೆಲಸ ದಿನಕ್ಕೆ 3ರಂತೆ 21. ಕೂಡಿದರೆ 155. ಉಳಿಯುವುದು 13 ಗಂಟೆ. ಅದೂ ಭಾನುವಾರ ಸೇರಿಸಿ, ಜ್ವರ ಬರದೆ, ಮದುವೆ ಮುಂಜಿಗೆ ಹೋಗದೆ, ಮೊಬೈಲ್ ಮುಟ್ಟದೆ ಇದ್ದರೆ. ಅಂದರೆ ಸ್ವಂತ ಓದಿಗೆ ದಿನಕ್ಕೆ ಎರಡು ಗಂಟೆಯೂ ಇಲ್ಲ. ವಿಜ್ಞಾನ ಅಥವಾ ಅಕೌಂಟ್ಸ್ ಓದುವವರಿಗೆ ಪರೀಕ್ಷೆಯ ಹಿಂದಿನ ಮೂರು ತಿಂಗಳು ಇದು ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆದರೆ ಇದೇ ಕಾಗದದಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. ಕೆಲಸ ಆರು ದಿನದಿಂದ ಮೂರು ದಿನಕ್ಕೆ ಇಳಿದರೆ 15 ಗಂಟೆ ಉಳಿಯಿತು. ದಾದರಿಗೆ ಹೋಗಿಬರುವ ಹೆಚ್ಚಿನ ಪ್ರಯಾಣ ದಿನಕ್ಕೆ ಒಂದೂವರೆ ಗಂಟೆ ಎಂದರೆ ಅದರಲ್ಲೂ ನಾಲ್ಕೂವರೆ ಗಂಟೆ ಉಳಿಯಿತು. 13 ಇದ್ದದ್ದು ಮೂವತ್ತೆರಡೂವರೆ ಆಯಿತು. ಪಗಾರ ಅರ್ಧ ಆಗುತ್ತದೆ ನಿಜ, ಆದರೆ ಕೆಲಸವೂ ಉಳಿಯಿತು, ಓದಿಗೆ ಹೊತ್ತೂ ಸಿಕ್ಕಿತು. ಪೂರ್ತಿ ಬಿಡುವ ಮಾತಿಗಿಂತ ಮುಂಚೆ ಕೇಳಬೇಕಾದದ್ದು ಇದನ್ನೇ.

ಪಾಳಿ ಮುಗಿಯುವ ಹೊತ್ತನ್ನೂ ನೋಡಿ. ಸಂಜೆ 7ಕ್ಕೆ ದಾದರಿನಿಂದ ಹೊರಟವರಿಗೆ ಕಲ್ಯಾಣದ ಕಡೆಯ ಫಾಸ್ಟ್ ಲೋಕಲ್ ಹತ್ತುವುದೇ ಕಷ್ಟ. ಹತ್ತಿದರೂ ಡೊಂಬಿವಲಿಯ ತನಕ ನಿಂತೇ ಹೋಗಬೇಕು, ಮನೆ ಸೇರಿದ ಮೇಲೆ ಪುಸ್ತಕ ತೆರೆಯುವ ತ್ರಾಣ ಇರುವುದಿಲ್ಲ. ಅದೇ ಪಾಳಿ ಐದೂವರೆಗೆ ಮುಗಿದರೆ ಉಳಿಯುವುದು ಒಂದೂವರೆ ಗಂಟೆ ಮಾತ್ರವಲ್ಲ, ಆ ರಾತ್ರಿಯ ಓದು ಪೂರ್ತಿ ಉಳಿಯುತ್ತದೆ. ಮತ್ತೊಂದು ಮಾತು: ವಿದ್ಯಾರ್ಥಿ ರಿಯಾಯಿತಿಯ ರೈಲ್ವೆ ಪಾಸು ಮನೆಯಿಂದ ಕಾಲೇಜಿನ ನಿಲ್ದಾಣದ ತನಕ ಮಾತ್ರ. ಡೊಂಬಿವಲಿ–ಮುಲುಂಡ್ ಪಾಸು ಇಟ್ಟುಕೊಂಡು ದಾದರಿಗೆ ಹೋದರೆ ಮುಲುಂಡಿನ ಆಚೆ ಅದು ಟಿಕೆಟ್ ಇಲ್ಲದ ಪ್ರಯಾಣ. ಟಿ.ಸಿ. ಹಿಡಿದರೆ ಪ್ರಯಾಣದ ದರದ ಜೊತೆ ಕನಿಷ್ಠ 250 ರೂಪಾಯಿ ದಂಡ. ಮುಂದಿನ ತುಣುಕಿಗೆ ಬೇರೆ ಪಾಸು ತೆಗೆಯಬೇಕು, ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಈಗ ರೂಪಾಯಿ. ತಿಂಗಳಿಗೆ 9,000 ಎಂದು ಹೇಳಿಕೊಳ್ಳುವ ಪಗಾರ ನಿಜವಾಗಿ ಎಷ್ಟು? ದಿನಕ್ಕೆ 5 ಗಂಟೆ, 26 ದಿನ, ಒಟ್ಟು 130 ಗಂಟೆ. ಮೇಲ್ನೋಟಕ್ಕೆ ಗಂಟೆಗೆ 69 ರೂಪಾಯಿ. ಕೆಲಸಕ್ಕಾಗಿಯೇ ಆಗುವ ಪ್ರಯಾಣ 39 ಗಂಟೆ ಸೇರಿಸಿದರೆ 169 ಗಂಟೆ. ಪಾಸು, ಶೇರ್ ರಿಕ್ಷಾ, ಚಹಾ, ವಡಾಪಾವ್ ಸೇರಿ ತಿಂಗಳಿಗೆ 1,400 ಎಂದು ಕಳೆದರೆ ಕೈಗೆ ನಿಲ್ಲುವುದು 7,600. ಭಾಗಿಸಿ ನೋಡಿ, ಗಂಟೆಗೆ 45 ರೂಪಾಯಿ. ಸ್ವಂತ ಬಿಲ್ಡಿಂಗಿನಲ್ಲೇ ಮೂರು ಚಿಕ್ಕ ಮಕ್ಕಳಿಗೆ ವಾರದಲ್ಲಿ ಐದು ದಿನ ಒಂದು ಗಂಟೆ ಪಾಠ ಹೇಳಿ, ತಲಾ 600ರಂತೆ 1,800 ಪಡೆದರೂ 22 ಗಂಟೆಗೆ ಅದು ಗಂಟೆಗೆ 80 ದಾಟುತ್ತದೆ, ರೈಲು ಹತ್ತಬೇಕಾಗಿಲ್ಲ. ಒಟ್ಟು ಹಣ ಕಡಿಮೆ, ಒಪ್ಪುತ್ತೇವೆ. ಆದರೆ ಆ ಮನೆಗೆ ಎಷ್ಟು ಹಣ ಬೇಕಾಗಿದೆ ಎಂಬುದನ್ನು ಯಾರಾದರೂ ಬರೆದು ನೋಡಿದ್ದಾರೆಯೇ?

ಆದ್ದರಿಂದ ಪಗಾರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೂರು ಸಾಲಿನಲ್ಲಿ ಬರೆಯಿರಿ: ಕಾಲೇಜಿನ ಮತ್ತು ಕ್ಲಾಸಿನ ಶುಲ್ಕ, ಮನೆಯ ಖರ್ಚು, ಸ್ವಂತ ಖರ್ಚು. ಸ್ವಂತ ಖರ್ಚಿನ ಸಾಲಿನಲ್ಲಿ ಮೊಬೈಲಿನ ಕಂತು ಕೂತಿದ್ದರೆ ಅದನ್ನು ಬಿಡಿಸಿ ನೋಡಬೇಕು. ಎಷ್ಟೋ ಮಕ್ಕಳು ಓದಿಗಾಗಿ ದುಡಿಯುತ್ತಿದ್ದೇನೆ ಎಂದುಕೊಂಡಿರುತ್ತಾರೆ, ಲೆಕ್ಕದಲ್ಲಿ ಅವರು ದುಡಿಯುತ್ತಿರುವುದು ಅಪ್ಪನ ಹೆಸರಿನಲ್ಲಿ ತೆಗೆದ ಫೋನಿನ ಉಳಿದ ಒಂಬತ್ತು ಕಂತಿಗೆ. ಅಂಥ ಕಡೆ ಉಳಿದ ಕಂತನ್ನು ಮನೆಯವರು ಒಮ್ಮೆ ತೀರಿಸಿ, ಪರೀಕ್ಷೆಯಾದ ಮೇಲೆ ಏಪ್ರಿಲ್, ಮೇ ತಿಂಗಳ ದುಡಿಮೆಯಲ್ಲಿ ಮಗು ವಾಪಸು ಕೊಡುವುದು ಎಷ್ಟೋ ಮೇಲು. ಮನೆ ಬಾಡಿಗೆಯೋ ತಮ್ಮ ತಂಗಿಯರ ಶುಲ್ಕವೋ ಈ ಪಗಾರದ ಮೇಲೆಯೇ ನಿಂತಿದ್ದರೆ ಮಾತು ಬೇರೆ. ಆಗ ಬಿಡು ಎನ್ನುವ ಮೊದಲು ಆ ಹಣ ಎಲ್ಲಿಂದ ಬರುತ್ತದೆ ಎಂದು ಹಿರಿಯರು ಹೇಳಬೇಕು. ಹೇಳಲಾಗದಿದ್ದರೆ ದಿನ ಕಡಿಮೆ ಮಾಡಿಸುವುದೊಂದೇ ದಾರಿ.

ಶುಲ್ಕದ ಹಣಕ್ಕೆ ಬೇರೆ ಬಾಗಿಲುಗಳಿವೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿಗಳ ಅರ್ಜಿ ಮಹಾಡಿಬಿಟಿ ಪೋರ್ಟಲಿನಲ್ಲಿ. ಮುಂದಿನ ವರ್ಷ ವೃತ್ತಿಪರ ಕೋರ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮುಖ್ಯ ವಿಷಯ: ಆರ್ಥಿಕವಾಗಿ ಹಿಂದುಳಿದ, ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ಹಾಗೂ ಇತರೆ ಹಿಂದುಳಿದ ವರ್ಗಗಳ, ವರ್ಷಕ್ಕೆ 8 ಲಕ್ಷದೊಳಗೆ ಆದಾಯವಿರುವ ಕುಟುಂಬದ ಹುಡುಗಿಯರಿಗೆ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ ಮಾಡುವ ಆದೇಶ 2024ರಲ್ಲಿ ಬಂದಿದೆ. ನಮ್ಮವರು ಎಡವುವುದು ಕಾಗದಪತ್ರದಲ್ಲಿ. ಊರಿನ ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇಲ್ಲಿನ ಸವಲತ್ತಿಗೆ ನಡೆಯುವುದಿಲ್ಲ. ಆದಾಯ ಪ್ರಮಾಣಪತ್ರ ಇಲ್ಲಿನ ತಹಸೀಲ್ದಾರ್ ಕಚೇರಿಯದೇ ಆಗಬೇಕು, ಡೊಮಿಸೈಲ್ ಅಂದರೆ ವಾಸಸ್ಥಳದ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸಿಸಿದ ದಾಖಲೆ ಬೇಕು. ಇವುಗಳಿಗೆ ವಾರಗಟ್ಟಲೆ ಹಿಡಿಯುವುದರಿಂದ ಪ್ರವೇಶದ ಹೊತ್ತಿಗೆ ಓಡಾಡಿದರೆ ಕೆಲಸ ಕೆಡುತ್ತದೆ. ಜೊತೆಗೆ ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ನಮ್ಮ ಸಮಾಜದ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಧನಸಹಾಯ ಕೊಡುತ್ತ ಬಂದಿವೆ. ಅರ್ಜಿ ಯಾವಾಗ ಎಂದು ಕಚೇರಿಗೆ ಹೋಗಿಯೇ ಕೇಳಿ ಬನ್ನಿ, ಅಂಕಪಟ್ಟಿಯ ಎರಡು ಪ್ರತಿ ಜೊತೆಗಿರಲಿ.

ಕಾಯಿದೆಯ ಮಾತಿಗೆ ಬರೋಣ. ಇಲ್ಲಿ ನಮ್ಮವರಲ್ಲಿ ತಿಳಿವಳಿಕೆ ತೀರ ಕಡಿಮೆ, ಮಾಲೀಕರಲ್ಲೂ ಅಷ್ಟೇ. 1986ರ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ತುಂಬಿ 18 ತುಂಬದವರಿಗೆ ಪ್ರತ್ಯೇಕ ನಿಯಮಗಳಿವೆ. ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಮೂರು ಗಂಟೆಗೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು. ವಿರಾಮವನ್ನೂ ಸೇರಿಸಿ ದಿನದ ಒಟ್ಟು ಅವಧಿ ಆರು ಗಂಟೆ ಮೀರಬಾರದು. ಗಿರಾಕಿಯಿಲ್ಲದೆ ಸುಮ್ಮನೆ ಕಾಯುತ್ತ ಕೂತ ಹೊತ್ತೂ ಈ ಆರು ಗಂಟೆಯ ಒಳಗೇ ಬರುತ್ತದೆ. ಸಂಜೆ 7ರಿಂದ ಬೆಳಿಗ್ಗೆ 8ರ ತನಕ ಕೆಲಸ ನಿಷಿದ್ಧ. ಓವರ್‌ಟೈಮ್ ನಿಷಿದ್ಧ. ಒಂದೇ ದಿನ ಎರಡು ಕಡೆ ಕೆಲಸ ನಿಷಿದ್ಧ. ವಾರಕ್ಕೊಂದು ಪೂರ್ತಿ ದಿನ ರಜೆ.

ಇದನ್ನು ಬೆಳಗಿನ ಕಾಲೇಜಿಗೆ ಹೊಂದಿಸಿ ನೋಡಿದರೆ 17ರ ಹುಡುಗನಿಗೆ ಸಿಗುವ ಅತಿ ಉದ್ದದ ಪಾಳಿ ಮಧ್ಯಾಹ್ನ 1ರಿಂದ ಸಂಜೆ 7: ಮೂರು ಗಂಟೆ ಕೆಲಸ, 4ರಿಂದ 5 ವಿರಾಮ, ಮತ್ತೆ ಎರಡು ಗಂಟೆ. ರಾತ್ರಿ 11ಕ್ಕೆ ಹೋಟೆಲಿನ ಬಾಗಿಲು ಎಳೆಯುವ ತನಕ ಹುಡುಗ ಗಲ್ಲಾದ ಪಕ್ಕ ನಿಂತಿದ್ದರೆ ಅದು "ಸ್ವಲ್ಪ ಹೊತ್ತು ಜಾಸ್ತಿ" ಅಲ್ಲ, ಕಾನೂನು ಮೀರಿದ ಕೆಲಸ. ಅಂಥ ಪಾಳಿ ಬಿಡಲೋ ಬೇಡವೋ ಎಂದು ಮಗು ತೂಗಿ ನೋಡಬೇಕಾದ ಪ್ರಮೇಯವೇ ಇಲ್ಲ. ಹೊತ್ತನ್ನು ಸರಿಪಡಿಸುವುದು ಮಾಲೀಕರ ಹೊಣೆ, ಸರಿಪಡಿಸದಿದ್ದರೆ ಬಿಡಬೇಕು. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ಫೋರ್ಟಿನ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ. ಅದು ಸಾಧ್ಯವಾದದ್ದು ಸಂಜೆ ಶಾಲೆಗೆ ಹೋಗು ಎಂದು ಬಿಟ್ಟುಕೊಟ್ಟ ಮಾಲೀಕರಿಂದ. ಆ ಬಿಟ್ಟುಕೊಡುವಿಕೆಯನ್ನು ಮರೆತು ದುಡಿಮೆಯನ್ನಷ್ಟೇ ನೆನೆಯುವುದು ಸರಿಯಲ್ಲ.

ಡೆಲಿವರಿ ಕೆಲಸದ ವಿಷಯದಲ್ಲಿ ನಮಗೆ ನಿಜಕ್ಕೂ ಭಯವಿದೆ. ಅಣ್ಣನ ಐಡಿಯಲ್ಲಿ ಆ್ಯಪ್ ತೆರೆದು, ಅಪ್ಪನ ಸ್ಕೂಟರಿನಲ್ಲಿ ರಾತ್ರಿ ಪಾರ್ಸೆಲ್ ಹೊರುವ 17ರ ಹುಡುಗರಿದ್ದಾರೆ. 16 ತುಂಬಿದವರಿಗೆ ಸಿಗುವ ಲೈಸೆನ್ಸ್ 50 ಸಿಸಿಯೊಳಗಿನ ಗೇರಿಲ್ಲದ ಬೈಕಿಗೆ ಮಾತ್ರ, ಮನೆಯ 110 ಸಿಸಿ ಸ್ಕೂಟರಿಗೆ ಅದು ನಡೆಯದು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಅಪಘಾತವಾದರೆ ಆ್ಯಪಿನ ವಿಮೆಯ ಕಾಗದದಲ್ಲಿರುವುದು ಅಣ್ಣನ ಹೆಸರು, ಆಸ್ಪತ್ರೆಯಲ್ಲಿ ಮಲಗಿರುವವನು ತಮ್ಮ. ಈ ಕೆಲಸಕ್ಕೆ ಹದಿನೈದು ದಿನದ ನೋಟಿಸೂ ಬೇಡ, ತೂಗಿ ನೋಡುವುದೂ ಬೇಡ. ಇಂದೇ ನಿಲ್ಲಿಸಬೇಕು. ಕೈಯಲ್ಲಿರುವ ಗಿರಾಕಿಗಳ ನಗದನ್ನು ಆ್ಯಪಿಗೆ ಕಟ್ಟಿ, ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಲಾಗೌಟ್ ಆಗಲಿ.

ಹೀಗೆಯೇ ಕೂಡಲೇ ಬಿಡಬೇಕಾದ ಸಂದರ್ಭಗಳು ಇನ್ನೂ ಇವೆ: ಗ್ಯಾಸ್ ಸಿಲಿಂಡರ್ ಬದಲಿಸಲು, ಕುದಿಯುವ ಎಣ್ಣೆಯ ಬಾಣಲೆ ಎತ್ತಲು ಹಚ್ಚುವುದು, ಮೈಮುಟ್ಟುವುದು, ಅಸಭ್ಯ ಮಾತು, ಎರಡು ತಿಂಗಳಿಂದ ಪಗಾರ ಇಲ್ಲದಿರುವುದು. 18ರ ಒಳಗಿನ ಮಗುವಿನ ಮೇಲೆ ಲೈಂಗಿಕ ಕಿರುಕುಳ ನಡೆದರೆ ಅದು 2012ರ ಪೋಕ್ಸೊ ಕಾಯಿದೆಯ ಅಪರಾಧ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, "ನಮ್ಮವರೇ, ಮನೆಯಲ್ಲೇ ಮಾತಾಡಿ ಮುಗಿಸೋಣ" ಎನ್ನುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098.

ಕೂಡಲೇ ಬಿಡುವ ಕಾರಣವಿಲ್ಲದವರು ಮೊದಲು ಪಾಳಿ ಕಡಿಮೆ ಮಾಡಲು ಕೇಳಬೇಕು. ಕೇಳುವ ಹೊತ್ತು ಮುಖ್ಯ. ಶನಿವಾರ ಸಂಜೆ, ಗಲ್ಲಾದ ಮುಂದೆ ಜನ ಸಾಲುಗಟ್ಟಿರುವಾಗ ಕೇಳಿದರೆ "ಆಗಲ್ಲ, ಆಮೇಲೆ ನೋಡೋಣ" ಎಂಬ ಉತ್ತರವೇ ಸಿಗುವುದು. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಮೂರೂವರೆ, ನಾಲ್ಕರ ಹೊತ್ತಿಗೆ, ವಾರದ ನಡುವಿನ ದಿನ ಹೋಗಿ. ಕೈಯಲ್ಲಿ ಪರೀಕ್ಷೆಯ ವೇಳಾಪಟ್ಟಿ ಇರಲಿ: ಕಾಲೇಜಿನ ಪ್ರಿಲಿಮ್ (ಬೋರ್ಡಿನ ಪರೀಕ್ಷೆಗೆ ಮುಂಚಿನ ತಯಾರಿ ಪರೀಕ್ಷೆ), ಪ್ರಾಕ್ಟಿಕಲ್, ಫೆಬ್ರವರಿಯಲ್ಲಿ ಬೋರ್ಡಿನ ಲಿಖಿತ ಪರೀಕ್ಷೆ. "ಸೇಠ್ರೇ, ಡಿಸೆಂಬರಿನಲ್ಲಿ ಸೋಮ, ಬುಧ, ಶುಕ್ರ ಬರುತ್ತೇನೆ. ಜನವರಿ 1ರಿಂದ ಪರೀಕ್ಷೆ ಮುಗಿಯುವ ತನಕ ಪಗಾರವಿಲ್ಲದ ರಜೆ ಕೊಡಿ. ಮಾರ್ಚ್ ಕೊನೆಯಿಂದ ಪೂರ್ತಿ ಬರುತ್ತೇನೆ" ಎಂದು ದಿನಗಳನ್ನು ಹೆಸರಿಸಿ ಹೇಳಬೇಕು. "ಸ್ವಲ್ಪ ಕಡಿಮೆ ಮಾಡಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅದು ಹದಿನೈದು ದಿನದಲ್ಲಿ ಹಳೆಯ ಪಾಳಿಗೇ ಮರಳುತ್ತದೆ. ಒಪ್ಪಿಗೆಯಾದರೆ ಅದನ್ನೇ ವಾಟ್ಸ್ಆ್ಯಪಿನಲ್ಲಿ ಒಂದು ಸಾಲು ಬರೆದು ಕಳಿಸಿಡಿ.

ಹಾಜರಾತಿಯನ್ನೂ ಈ ಮಾತಿನಲ್ಲಿ ತರಬೇಕು. ಕಾಲೇಜಿಗೆ ಶೇ 75 ಹಾಜರಾತಿ ಬೇಕು. ಅದು ಎಷ್ಟಿದೆ ಎಂದು ನವೆಂಬರಿನಲ್ಲೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕಡಿಮೆ ಇದ್ದರೆ ಕೆಲಸ ಬಿಡುವ ತೀರ್ಮಾನ ಹೆಚ್ಚುಕಡಿಮೆ ಆದಂತೆಯೇ. ಎಷ್ಟೇ ಕಷ್ಟವಿದ್ದರೂ ಓದು ಪೂರ್ತಿ ನಿಲ್ಲಿಸಿ ಕೆಲಸ ಇಟ್ಟುಕೊಳ್ಳುವುದು ಬೇಡ: ಬೋರ್ಡಿನ 17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದು, ರಾತ್ರಿಯ ಜೂನಿಯರ್ ಕಾಲೇಜುಗಳಿವೆ, ಹನ್ನೆರಡನೆಯದಾದ ಮೇಲೆ ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವಿದೆ.

ದಾಕ್ಷಿಣ್ಯದ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ಮಕ್ಕಳ ಮಾಲೀಕರು ಬಹಳ ಸಲ ಅಪ್ಪನ ಗುರುತಿನವರು, ಊರಿನವರು, ಕೆಲವೊಮ್ಮೆ ಸಂಬಂಧದಲ್ಲಿ ಮಾವನೇ ಆಗಿರುತ್ತಾರೆ. ಹುಡುಗನಿಗೆ ಎದುರು ಮಾತಾಡಲು ಬಾಯಿ ಬರುವುದಿಲ್ಲ. ಆಗ ಅವನು ಮೊದಲು ತಡವಾಗಿ ಹೋಗುತ್ತಾನೆ, ಆಮೇಲೆ ತಲೆನೋವು ಎನ್ನುತ್ತಾನೆ, ಒಂದು ದಿನ ಫೋನ್ ಬಂದ್ ಮಾಡಿ ಮನೆಯಲ್ಲಿ ಕೂರುತ್ತಾನೆ. ಪಗಾರವೂ ಹೋಯಿತು, ಹೆಸರೂ ಕೆಟ್ಟಿತು. ಇಂಥ ಕಡೆ ಅಪ್ಪನೋ ದೊಡ್ಡಪ್ಪನೋ ಜೊತೆಗೆ ಹೋಗಬೇಕು, ಆದರೆ ಮಾತು ಆಡಬೇಕಾದದ್ದು ಮಗುವೇ. ಹಿರಿಯರು ಪಕ್ಕದಲ್ಲಿದ್ದರೆ ಸಾಕು.

ಮಾಲೀಕರಿಂದ ಅಪ್ಪ ಮುಂಗಡ ತಂದು, ಅದು ತೀರುವ ತನಕ ಮಗು ದುಡಿಯಬೇಕು ಎಂಬ ಏರ್ಪಾಡು ಇದ್ದರೆ ಅದನ್ನು ಮುರಿಯಲೇಬೇಕು. ಸಾಲಕ್ಕೆ ಆಳನ್ನು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿದೆ. ಹಾಗೆಯೇ "ಒಂದು ವರ್ಷದ ಒಳಗೆ ಬಿಟ್ಟರೆ 10,000 ಕೊಡಬೇಕು" ಎಂಬ ಬಾಂಡಿಗೆ 18 ತುಂಬದವರು ಸಹಿ ಹಾಕಿದ್ದರೆ ಅದಕ್ಕೆ ಬೆಲೆಯಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತರ ಕರಾರು ಊರ್ಜಿತವಲ್ಲ ಎಂಬುದು 1903ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದ ಇತ್ಯರ್ಥವಾದ ಮಾತು. ಮಗು ಮಾಡಿದ ಕೆಲಸದ ಪಗಾರ ಮಾತ್ರ ಕೊಡಲೇಬೇಕಾದದ್ದು. ಹತ್ತನೆಯದರ ಅಂಕಪಟ್ಟಿಯ ಮೂಲಪ್ರತಿಯನ್ನು ಯಾವ ಕೆಲಸಕ್ಕೂ ಒತ್ತೆ ಇಡಬೇಡಿ, ಜೆರಾಕ್ಸ್ ಸಾಕು. ಈಗಾಗಲೇ ಕೊಟ್ಟಿದ್ದರೆ ಕೆಲಸ ಬಿಡುವ ಮಾತು ಎತ್ತುವ ಮೊದಲು, "ಕಾಲೇಜಿನಲ್ಲಿ ತೋರಿಸಬೇಕು" ಎಂದು ವಾಪಸು ತಂದಿಟ್ಟುಕೊಳ್ಳಿ.

ಬಿಡುವುದೇ ಎಂದು ತೀರ್ಮಾನವಾದ ಮೇಲೆ ಕ್ರಮ ಹೀಗೆ. ಹದಿನೈದು ದಿನ ಮುಂಚೆ ನಾಲ್ಕು ಸಾಲಿನ ಪತ್ರ ಬರೆಯಬೇಕು, ಎರಡು ಪ್ರತಿ. "ಮಾನ್ಯರೇ, ನಾನು ತಮ್ಮಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಪರೀಕ್ಷೆಯ ಕಾರಣ ಡಿಸೆಂಬರ್ 15 ನನ್ನ ಕಡೆಯ ದಿನವಾಗಿರುತ್ತದೆ. ಅಲ್ಲಿಯ ವರೆಗಿನ ಪಗಾರವನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಬೇಕಾಗಿ ವಿನಂತಿ. ತಾವು ಕೊಟ್ಟ ಅವಕಾಶಕ್ಕೆ ಕೃತಜ್ಞ." ಇಷ್ಟು ಸಾಕು, ದೂರುಗಳನ್ನು ಇದರಲ್ಲಿ ತುಂಬಬಾರದು. ಒಂದು ಪ್ರತಿಯ ಮೇಲೆ "ತಲುಪಿತು" ಎಂದು ತಾರೀಖು ಸಹಿತ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಪತ್ರದ ಫೋಟೊ ತೆಗೆದು ಮಾಲೀಕರ ವಾಟ್ಸ್ಆ್ಯಪಿಗೆ ಕಳಿಸಿ. ಕನ್ನಡ ಬಾರದ ಮಾಲೀಕರಾದರೆ ಹಿಂದಿಯಲ್ಲೋ ಮರಾಠಿಯಲ್ಲೋ ಬರೆಯಿರಿ.

ಕಡೆಯ ಲೆಕ್ಕದಲ್ಲಿ ಮೋಸಹೋಗುವುದು ಭಾಗಾಕಾರದಲ್ಲಿ. ಪಗಾರ 9,000, ಡಿಸೆಂಬರ್ 1ರಿಂದ 15ರ ತನಕ ಎರಡು ಭಾನುವಾರ ಬಿಟ್ಟು 13 ದಿನ ಕೆಲಸ. 26ರಿಂದ ಭಾಗಿಸಿ 13ರಿಂದ ಗುಣಿಸಿದರೆ 4,500. ಅಂಗಡಿಯವರು 30ರಿಂದ ಭಾಗಿಸುವುದಾದರೆ ಭಾನುವಾರಗಳನ್ನೂ ಎಣಿಸಿ 15 ದಿನ ಹಿಡಿಯಬೇಕು, ಆಗಲೂ 4,500. ಆದರೆ 30ರಿಂದ ಭಾಗಿಸಿ 13 ದಿನಕ್ಕೆ ಮಾತ್ರ ಕೊಟ್ಟರೆ 3,900 ಆಗುತ್ತದೆ, 600 ರೂಪಾಯಿ ಹೋಯಿತು. ಸೇರಿದಾಗ ಹಿಂದೆ ಹಿಡಿದಿಟ್ಟ ಹತ್ತು ದಿನದ ಪಗಾರ ಇದ್ದರೆ ಅದೂ ಬರಬೇಕು: 26ರ ಲೆಕ್ಕದಲ್ಲಿ 3,461. ಉಚಲ್ (ಮುಂಗಡ) ತೆಗೆದುಕೊಂಡದ್ದು 2,000 ಇದ್ದರೆ ಕಳೆಯಿರಿ. ಕೈಗೆ ಬರಬೇಕಾದದ್ದು 5,961. ಈ ಲೆಕ್ಕವನ್ನು ಮನೆಯಲ್ಲೇ ಬರೆದುಕೊಂಡು ಹೋಗಬೇಕು. ಬಂದ ದಿನ, ಖಾಡಾ (ಗೈರುಹಾಜರಿ) ಆದ ದಿನಗಳ ಗುರುತು ಕ್ಯಾಲೆಂಡರಿನ ಮೇಲೆ ಮಗುವಿನ ಕೈಯಲ್ಲೇ ಇರಬೇಕು, ಅಂಗಡಿಯ ಹಾಜರಿ ಪುಸ್ತಕವನ್ನಷ್ಟೇ ನಂಬಿ ಕೂರಬಾರದು.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಮಾಮೂಲಿ ತಿಂಗಳ ಪಗಾರಕ್ಕೆ ಮುಂದಿನ ತಿಂಗಳ 7ರ ಗಡುವು. ದಂಡ ಹಾಕುವುದಾದರೂ ಪಗಾರದ ಶೇ 3 ಮೀರುವಂತಿಲ್ಲ, ಅದಕ್ಕೂ ಮೊದಲು ಕಾರಣ ಹೇಳಲು ಅವಕಾಶ ಕೊಡಬೇಕು. 15 ತುಂಬದವರಿಗೆ ದಂಡವೇ ಇಲ್ಲ. ಗಲ್ಲಾದಲ್ಲಿ ಕೊರತೆ ಬಿತ್ತು ಎಂದು ಕೇಳದೆ ಕೇಳಿಸದೆ ಪಗಾರದಿಂದ ಮುರಿಯುವುದು ನಡೆಯದು. ಹಣ ಕೊಡದಿದ್ದರೆ ಬಾಂದ್ರಾ–ಕುರ್ಲಾ ಸಂಕೀರ್ಣದ ಕಾಮಗಾರ್ ಭವನಕ್ಕೆ (ಕಾರ್ಮಿಕ ಇಲಾಖೆಯ ಕಚೇರಿ) ಲಿಖಿತ ದೂರು ಕೊಡಬಹುದು. ಪತ್ರದ ಪ್ರತಿ, ಹಾಜರಿಯ ಗುರುತು, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಮಕ್ಕಳಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100.

ಪಾಸ್‌ಬುಕ್ ಎಂದದ್ದಕ್ಕೆ ಕಾರಣವಿದೆ. ಪಗಾರವನ್ನು ನಗದಾಗಿ ಅಥವಾ ಅಪ್ಪನ ಖಾತೆಗೆ ಪಡೆದರೆ ಮುಂದೆ ಯಾವ ಪುರಾವೆಯೂ ಇರುವುದಿಲ್ಲ. 10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿಯನ್ನು ಆಯಾ ಬ್ಯಾಂಕ್ ಗೊತ್ತುಮಾಡುತ್ತದೆ. ಆದರೆ ಆ ಖಾತೆಯ ಕ್ಯೂಆರ್ ಕೋಡನ್ನು ಅಂಗಡಿಯ ಗಿರಾಕಿಗಳಿಗೆ ತೋರಿಸಿ ಹಣ ಪಡೆಯುವುದು ಮಾತ್ರ ಎಂದಿಗೂ ಬೇಡ. ಅಂಗಡಿಯ ವ್ಯಾಪಾರದ ಹಣ ಮಗುವಿನ ಖಾತೆಯಲ್ಲಿ ಓಡಾಡಿದರೆ, ಅದರಲ್ಲಿ ಯಾವುದೋ ಒಂದು ವಂಚನೆಯ ಹಣವಾಗಿದ್ದರೆ, ಬ್ಯಾಂಕಿನವರು ತಡೆಹಿಡಿಯುವುದು ಮಗುವಿನ ಖಾತೆಯನ್ನು.

ಕಡೆಯ ದಿನ ಗಲ್ಲಾ ಒಪ್ಪಿಸುವಾಗ 500ರದ್ದು ಎಷ್ಟು, 200ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಬರೆದು ಎಣಿಸಿಕೊಂಡವರ ಸಹಿ ಪಡೆಯಿರಿ. ಬೀಗದ ಕೈ, ಯೂನಿಫಾರ್ಮ್, ಅಂಗಡಿಯ ಸಿಮ್ ವಾಪಸು ಕೊಟ್ಟದ್ದನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಹೋಟೆಲಿನ ಆರ್ಡರ್ ಟ್ಯಾಬ್ಲೆಟ್ಟಿಗೆ, ಬಿಲ್ಲಿಂಗ್ ಮೆಷೀನಿಗೆ ಹುಡುಗನ ಮೊಬೈಲ್ ನಂಬರನ್ನೇ ಹಾಕಿರುವುದು ಬಹಳ ಕಡೆ ಇದೆ. ನಂಬರ್ ಬದಲಿಸದೆ ಬಂದರೆ ತಿಂಗಳುಗಟ್ಟಲೆ "ಓಟಿಪಿ ಹೇಳು" ಎಂಬ ಫೋನು ತಪ್ಪುವುದಿಲ್ಲ, ಅದೂ ಪರೀಕ್ಷೆಯ ಹೊತ್ತಿನಲ್ಲಿ. ಎದುರಿಗೆ ನಿಂತು ಬದಲಿಸಿಯೇ ಹೊರಡಬೇಕು.

ಮಾಲ್‌ಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಸ್ಲಿಪ್ ಸಹಿತ ಪಗಾರ ಪಡೆಯುವ 18, 19ರ ಮಕ್ಕಳು ಕಡಿತದ ಸಾಲುಗಳನ್ನು ಓದಿಕೊಳ್ಳಿ. ಪಿಎಫ್ (ಭವಿಷ್ಯನಿಧಿ) ಶೇ 12, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75. ವೃತ್ತಿ ತೆರಿಗೆ ಪುರುಷರಿಗೆ 7,500 ದಾಟಿ 10,000ದ ತನಕ ತಿಂಗಳಿಗೆ 175, ಆಮೇಲೆ 200, ಫೆಬ್ರವರಿಯಲ್ಲಿ 300. ಮಹಿಳೆಯರಿಗೆ 25,000ದ ತನಕ ಇಲ್ಲ, ಹುಡುಗಿಯ ಪಗಾರದಿಂದ 175 ಮುರಿದಿದ್ದರೆ ಕೇಳಿ ವಾಪಸು ಪಡೆಯಿರಿ. ಪಿಎಫ್ ಖಾತೆಯ ಗುರುತಾದ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಬಿಟ್ಟ ತಾರೀಖನ್ನು ಮಾಲೀಕರು ಪಿಎಫ್ ಪೋರ್ಟಲಿನಲ್ಲಿ ಹಾಕದಿದ್ದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಹಾಕಿಕೊಳ್ಳಬಹುದು.

ಹೋಟೆಲ್ ಮತ್ತು ಅಂಗಡಿಗಳ ಕನ್ನಡಿಗ ಮಾಲೀಕರಲ್ಲಿ ನಮ್ಮದೊಂದು ಕೇಳಿಕೆ. ಜನವರಿಯ ಪಾಳಿಪಟ್ಟಿಯನ್ನು ಡಿಸೆಂಬರ್ ಮೊದಲ ವಾರದಲ್ಲೇ ಮಾಡಿ. ಮಾಡುವ ಮೊದಲು ನಿಮ್ಮಲ್ಲಿರುವ ಪ್ರತಿ ವಿದ್ಯಾರ್ಥಿಯ ಪ್ರಿಲಿಮ್, ಪ್ರಾಕ್ಟಿಕಲ್ ತಾರೀಖುಗಳನ್ನು ಕೇಳಿ ಬರೆದುಕೊಳ್ಳಿ, ಆ ದಿನಗಳಿಗೆ ಮತ್ತು ಅವುಗಳ ಹಿಂದಿನ ದಿನಕ್ಕೆ ಬೇರೆಯವರನ್ನು ಹಾಕಿ. ಪಟ್ಟಿಯನ್ನು ಗಲ್ಲಾದ ಪಕ್ಕದ ಗೋಡೆಗೆ ಅಂಟಿಸಿ. ನಿಮ್ಮಲ್ಲಿ 18 ತುಂಬದ ಮಕ್ಕಳಿದ್ದರೆ ಅವರ ಹೆಸರಿನ ಮುಂದೆ "ಸಂಜೆ 7ರ ತನಕ ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಇತಿ ತಮ್ಮ ವಿಶ್ವಾಸಿಗಳು,
ರಾತ್ರಿ ಶಾಲೆಯ ನಿವೃತ್ತ ಶಿಕ್ಷಕರು ಹಾಗೂ ಲೆಕ್ಕಪತ್ರ ಬರೆಯುವ ಗೆಳೆಯರು
ಡೊಂಬಿವಲಿ ಪೂರ್ವ